ಮದ್ದಿನ ಅಳತೆ

ಇವತ್ತು ಬೆಳಗ್ಗೆ ಹೆತ್ತೂರು ರಸ್ತೆಯಲ್ಲಿ ಆನೆ ಓಡಿಸಲು ಪಟಾಕಿ ಸಿಡಿಸಿದರು. ಹೊಗೆ ನೇರವಾಗಿ ನನ್ನ ಕಾಫಿ ಕಣಕ್ಕೇ ಬಂತು. ಸುಟ್ಟ ಮದ್ದಿನ ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಾಫಿ ಹರವುವುದನ್ನು ಬಿಟ್ಟು ಸುಮ್ಮನೆ ನಿಂತುಬಿಟ್ಟೆ. ಪಕ್ಕದ ತೋಟದ ದೊಡ್ಡಪ್ಪ ನೆನಪಾದರು...

ರಕ್ತಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಬೇಲಿಯ ಆಚೆ ಅವರು, ಈಚೆ ನಾನು, ಅಷ್ಟೇ. ಮಹಾ ಹಟಮಾರಿ ಮನುಷ್ಯ. ಅವರ ಹತ್ತಿರ ಹಳೇ ಕಾಲದ ಕೇಪಿನ ಕೋವಿಯೊಂದಿತ್ತು. ಬೆಳೆ ಕಾಯಲು ಲೈಸೆನ್ಸ್ ಪಡೆದದ್ದು. ಹೆಬ್ಬೆರಳು ತೂರುವಷ್ಟು ದಪ್ಪ ನಳಿಗೆ, ಅದರೊಳಗೆ ಸುರುಳಿ ಗೀರು. ನಳಿಗೆಯ ಬಾಯಿಂದಲೇ ಮದ್ದು ಸುರಿದು, ಎಣ್ಣೆಬಟ್ಟೆ ಸುತ್ತಿದ ಸೀಸದ ಗುಂಡನ್ನು ಗಜದ ಕಡ್ಡಿಯಿಂದ ತಳ್ಳಿ ಕೂರಿಸಬೇಕು. ಒಂದು ಈಡು ತಪ್ಪಿತೋ, ಮತ್ತೆ ತುಂಬುವಷ್ಟರಲ್ಲಿ ಹಂದಿ ಮೈಮೇಲೆ ಬಂದಿರುತ್ತದೆ. ಹಿಂದಿನ ವರ್ಷ ಹಾಗೇ ಆಗಿತ್ತು. ಗಾಯಗೊಂಡ ಹಂದಿ ತಿರುಗಿಬಿದ್ದು, ದೊಡ್ಡಪ್ಪ ಕಾಫಿ ಗಿಡಗಳ ನಡುವೆ ನುಗ್ಗಿ ಹೇಗೋ ಜೀವ ಉಳಿಸಿಕೊಂಡಿದ್ದರು.

ಅವರ ಕಣ್ಣಿಗೆ ಪೊರೆ ಬಂದಿದ್ದು ಊರಿಗೆಲ್ಲ ಗೊತ್ತಿತ್ತು. ಸಕಲೇಶಪುರಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಿ ಎಂದು ಹೇಳಿ ನಾನೂ ಬೈಸಿಕೊಂಡೆ.

"ಕಣ್ಣಿಗೇನಾಗೈತೆ ಮಾರಾಯ? ಈ ಕೋವಿಗೆ ಮದ್ದಿನ ಅಳತೆ ಸಿಕ್ಕಿಲ್ಲ, ಅಷ್ಟೇ ಕಣೋ."

ಸರಿ, ಅಳತೆ ಹುಡುಕಲು ಕೂತರು. ದೊಡ್ಡಪ್ಪನಿಗೆ ಮಂಡಿನೋವು, ಪಾಳುಬಿದ್ದ ಗದ್ದೆಯ ಆಚೆ ಬದುವಿಗೆ ದೊಡ್ಡಮ್ಮನೇ ಹಲಸಿನ ಹಲಗೆ ಒರಗಿಸಿ, ಅದಕ್ಕೆ ಮಸಿಯ ದೊಡ್ಡ ಬೊಟ್ಟಿಟ್ಟು ಬರುತ್ತಿದ್ದರು. ಇವರು ಈಚೆ ದಡದಲ್ಲಿ ಹೊಟ್ಟಿನ ಮೂಟೆಯ ಮೇಲೆ ಕೋವಿ ಊರಿ ಕೂರುತ್ತಿದ್ದರು. ಮೊದಲು ಕಡಿಮೆ ಮದ್ದು, ಆಮೇಲೆ ಚಿಟಿಕೆ ಚಿಟಿಕೆ ಏರಿಸುತ್ತ, ಪ್ರತಿ ಈಡಿಗೂ ನಳಿಗೆ ಒರೆಸುತ್ತ... ಮದ್ದು ಕಡಿಮೆಯಾದರೆ ಗುಂಡು ಕೆಳಗೆ ಬೀಳುತ್ತದೆ, ಹೆಚ್ಚಾದರೆ ಕೋವಿ ಒದ್ದು ಎಲ್ಲೋ ಹಾರುತ್ತದೆ, ನಡುವಿನ ಯಾವುದೋ ಒಂದು ಅಳತೆಗೆ ಎಲ್ಲ ಗುಂಡೂ ಒಂದೇ ಕಡೆ ಕೂರುತ್ತವೆ ಎಂಬುದು ಅವರ ಲೆಕ್ಕ. ಲೆಕ್ಕವೇನೋ ಸರಿಯೇ. ನಾನು ತೋಟದಲ್ಲಿ ಸದ್ದು ಕೇಳಿಸಿಕೊಂಡು ಸಂಜೆ ಅವರ ಜಗಲಿಗೆ ಹಲಗೆ ನೋಡಲು ಹೋಗುತ್ತಿದ್ದೆ. ಗುಂಡುಗಳು ಹಲಗೆಯ ನಾಲ್ಕು ಮೂಲೆಗೂ ಹೋಗಿರುತ್ತಿದ್ದವು, ಕೆಲವು ಬದುವಿನ ಮಣ್ಣಿಗೆ. ದೊಡ್ಡಪ್ಪ ಊಟ ಬಿಟ್ಟರು, ಮಾತು ಬಿಟ್ಟರು. ತೊಡೆಯ ಮೇಲೆ ಕೋವಿ ಇಟ್ಟುಕೊಂಡು ಜಗಲಿಯಲ್ಲಿ ಕೂತೇ ಇರುತ್ತಿದ್ದರು.

ಆಮೇಲೆ ಬರಬರುತ್ತ ಗುಂಡುಗಳು ಒಂದರ ಹತ್ತಿರ ಒಂದು ಬರತೊಡಗಿದವು. ಕೊನೆಗೊಂದು ದಿನ ಎಲ್ಲವೂ ಬೊಟ್ಟಿನೊಳಗೇ ಕೂತವು. ದೊಡ್ಡಮ್ಮ ಹಲಗೆ ಹೊತ್ತು ತಂದಾಗ ಅವರು ಆ ತೂತುಗಳನ್ನು ಬೆರಳಿನಿಂದ ಸವರಿ ಸವರಿ ನೋಡಿದರು. ಅಂತೂ ಅಳತೆ ಸಿಕ್ಕಿತಲ್ಲ ಎಂದು ನನಗೂ ಖುಷಿಯಾಯಿತು. ಅಂದು ಹೊಟ್ಟೆ ತುಂಬ ಉಂಡರಂತೆ.

ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಅವರ ಕೆಳಗಿನ ಗದ್ದೆಗೆ ಇಳಿಯಿತು. ಅಳತೆ ಸಿಗದಿದ್ದರೆ ತಗಡು ಬಡಿದೇ ಓಡಿಸುತ್ತಿದ್ದರು. ಆ ಮುಸ್ಸಂಜೆ ಒಬ್ಬರೇ ಕೋವಿ ಹಿಡಿದು ಹೋದರು. ಈಡಿನ ಸದ್ದು ನನಗೂ ಕೇಳಿಸಿತು. ಗುಂಡು ಎಲ್ಲಿಗೆ ಹೋಯಿತೋ ಏನೋ, ನಾವು ಓಡಿ ತಲುಪುವಷ್ಟರಲ್ಲಿ ಹಂದಿ ಅವರ ತೊಡೆಯನ್ನು ಸೀಳಿಹಾಕಿತ್ತು. ವನಗೂರಿನಿಂದ ಜೀಪು ಬಂತು. ಆಸ್ಪತ್ರೆ ಇನ್ನೂ ದೂರವಿತ್ತು... ದಾರಿಯಲ್ಲೇ, ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಹೋಗಿಬಿಟ್ಟರು.

ಕಾರ್ಯವೆಲ್ಲ ಮುಗಿದ ಮೇಲೆ ದೊಡ್ಡಮ್ಮನಿಗೆ ಸಮಾಧಾನ ಹೇಳಲು ಹೋದೆ. ಬೇರೇನೂ ತೋಚದೆ, ಮದ್ದಿಗೆ ತಂಡಿ ಹಿಡಿದಿರಬೇಕು ಎಂದೆ.

"ಮದ್ದಿಂದಲ್ಲ ಕಣೋ," ಎಂದರು. "ದಿನಾ ಹಲಗೆನ ಒಂಚೂರು ಒಂಚೂರು ಅವ್ರ ಹತ್ರಕ್ಕೆ ತಂದಿಡ್ತಿದ್ದೆ. ಅವ್ರಿಗೆಲ್ಲಿ ಕಾಣ್ತಿತ್ತು? ಅಳತೆ ಸಿಕ್ತು ಅಂತ ಸಮಾಧಾನ ಆದ್ರೆ ಕೋವಿ ಎತ್ತಿಟ್ಟು ಉಣ್ತಾರೆ ಅಂದ್ಕಂಡೆ..."

ಗಂಡ ಒಂದು ತುತ್ತು ಉಣ್ಣಲಿ ಎಂದು ಮಾಡಿದ್ದಕ್ಕೆ ಯಾರಾದರೂ ಏನನ್ನಲು ಸಾಧ್ಯ?

ದೊಡ್ಡಪ್ಪನ ಬೈಗುಳವಿಲ್ಲದೆ ಆ ತೋಟ ಈಗ ಬಣಬಣ ಎನ್ನುತ್ತದೆ. ಇವತ್ತೂ ದೊಡ್ಡಮ್ಮ ಬೇಲಿಯ ಹತ್ತಿರ ಬಂದು ನಿಂತರು. ಯಾವಾಗಲೂ ಕೇಳುವುದನ್ನೇ ಕೇಳಿದರು.

"ಹಲಗೆ ಅಲ್ಲೇ ಬುಟ್ಟಿದ್ರೆ ಅವ್ರು ಕೋವಿ ಹಿಡ್ದು ಹೋಯ್ತಿರ್ಲಿಲ್ಲ, ಅಲ್ವೇನೋ?"

ಹೋಗೇ ಹೋಗುತ್ತಿದ್ದರು, ಅವರ ಹಟ ನಿಮಗೆ ಗೊತ್ತಿಲ್ಲವಾ ಎಂದು ಗದರಿದೆ. ತಲೆಯಾಡಿಸಿ ಒಳಗೆ ಹೋದರು.

ದೊಡ್ಡಪ್ಪ ಹೋಗುತ್ತಿರಲಿಲ್ಲ. ಅದು ನನಗೆ ಗೊತ್ತು. ದೊಡ್ಡಮ್ಮನಿಗೂ ಗೊತ್ತು.