ರೀಲಿಗೆ ಚಳಿಗಾಲದ ದಾರ

ನಾನು ಪದವೀಧರನಾಗುವುದು ಸಾಧ್ಯವೇ ಇಲ್ಲ ಎಂದವರು ಅಗರಖೇಡದ ನಮ್ಮ ಕಾಕಾ. ಕಾರಣ ನನ್ನ ಅಂಕಪಟ್ಟಿಯಲ್ಲ. ಗಾಳದ ರೀಲಿಗೆ ನಾನು ದಾರ ಸುತ್ತಿದ ರೀತಿ. "ಲೇ ತಮ್ಮಾ, ಐವತ್ತು ಮಾರು ದಾರಾ ಸುತ್ತಾಕ ನಿನಗ ತಾಳ್ಮಿ ಇಲ್ಲ. ಕಾಲೇಜಿನ್ಯಾಗ ಮೂರು ವರ್ಷ ಹೆಂಗ ಕುಂದರ್ತಿ?" ಎಂದಿದ್ದರು. ನಮ್ಮ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದವರೇ ಇರಲಿಲ್ಲ. ಅವರ ಅನುಮಾನವೂ ತಪ್ಪಲ್ಲ.

ಚಳಿಗಾಲದಲ್ಲಿ ಭೀಮಾ ಹೊಳೆಯ ಮೀನಿಗೆ ಮೈಗಳ್ಳತನ. ನೈಲಾನ್ ದಾರಕ್ಕೆ ಹಟ. ಅಂಗಡಿಯಲ್ಲಿ ಸುರುಳಿಯಾಗಿ ಕುಳಿತದ್ದನ್ನು ಅದು ಮರೆಯುವುದೇ ಇಲ್ಲ. ಥಂಡಿಗೆ ಸೆಟೆದುಕೊಂಡು, ಗಾಳ ಬೀಸಿದ ಕೂಡಲೇ ರೀಲಿನಿಂದ ಒಟ್ಟೊಟ್ಟಿಗೆ ಜಿಗಿಯುತ್ತದೆ. ಅದಕ್ಕೇ ಕಾಕಾ ಹಂಡೆಯ ಬೆಚ್ಚನೆಯ ನೀರಿನಲ್ಲಿ ದಾರ ನೆನೆಸಿ, ಒದ್ದೆ ಧೋತರದ ಚುಂಗಿನಲ್ಲಿ ಬಿಗಿ ಹಿಡಿದು ಸುತ್ತುತ್ತಾರೆ. ಅಂಚಿನಲ್ಲಿ ಒಂದು ಜೋಳದ ಕಾಳಿನಷ್ಟು ಜಾಗ ಬಿಡುತ್ತಾರೆ. ನಾನೋ, ತುಂಬಿದ್ದೇ ಚೆಂದ ಎನ್ನುವವನು. ಊಟದ ತಾಟಿನಿಂದ ಉತ್ತರಪತ್ರಿಕೆಯವರೆಗೆ ಎಲ್ಲಿಯೂ ಜಾಗ ಬಿಟ್ಟವನಲ್ಲ. ಆ ಸಲ ರೀಲನ್ನೂ, ನೀರು ತೋರಿಸದೆ, ಅಂಚಿನ ತನಕ ತುಂಬಿದೆ. ಮುಂಜಾನೆ ಮೊದಲ ಬೀಸಿಗೇ ದಾರವೆಲ್ಲ ನನ್ನ ಕಾಲ ಮೇಲೆ ಗುಡ್ಡೆ ಬಿತ್ತು.

"ಶ್ಯಾವಗಿ ಭಾಳ ಚಲೋ ಆಗ್ಯಾವ. ಹಾಲು, ಬೆಲ್ಲಾ ತರ್ಲೇನು?" ಎಂದರು ಕಾಕಾ.

ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಒಂದು ವಿಷಯ ಎರಡು ಸಲ ಕೈಕೊಟ್ಟಾಗ ಆ ಶಾವಿಗೆಯೇ ನೆನಪಾಗಿತ್ತು. ಸಿಟ್ಟಿನಿಂದ ಎಳೆದರೆ ಗಂಟು ಬಿಗಿಯುತ್ತದೆ, ನಿಮಗೂ ಗೊತ್ತಿರಬೇಕು. ಒಂದೊಂದೇ ಎಳೆ ಬಿಡಿಸಬೇಕು. ಬಿಡಿಸಿದೆ, ಮೂರನೆಯ ಸಲ ಪಾಸಾದೆ.

ಕಳೆದ ಚಳಿಗಾಲ ಪದವಿ ಪತ್ರ ಕೈಗೆ ಬಂತು. ಮಡಿಕೆ ಬೀಳಬಾರದೆಂದು ಅದನ್ನು ಕೊಳವೆಯಂತೆ ಬಿಗಿಯಾಗಿ ಸುತ್ತಿ, ರಬ್ಬರ್ ಹಾಕಿ, ಬಸ್ಸಿನಲ್ಲಿ ಎದೆಗವಚಿಕೊಂಡು ಅಗರಖೇಡಕ್ಕೆ ತಂದೆ. ಕಾಕಾ ಹಂಡೆಯ ಪಕ್ಕ ಕುಳಿತು ರೀಲು ತುಂಬುತ್ತಿದ್ದರು. ಇವತ್ತಾದರೂ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂದು ಅವರ ಮುಖವನ್ನೇ ನೋಡುತ್ತ ಕೈಗೆ ಕೊಟ್ಟೆ.

ಅವರು ಕೈ ಒರೆಸಿಕೊಂಡು ಬಿಡಿಸಿದರು. ಅದು ಮತ್ತೆ ಸುರುಳಿಯಾಯಿತು. ಇನ್ನೊಮ್ಮೆ ಬಿಡಿಸಿದರು, ಇನ್ನೊಮ್ಮೆ ಸುತ್ತಿಕೊಂಡಿತು. ಓದಲು ಬಾರದ ಕಾಕಾ ಅದನ್ನು ತೊಡೆಯ ಮೇಲೆ ಹಾಸಿ, ಎರಡೂ ಅಂಗೈ ಊರಿ, ಹಂಡೆಯ ಕಾವಿನಲ್ಲಿ ಬಹಳ ಹೊತ್ತು ಹಾಗೇ ಒತ್ತಿ ಹಿಡಿದರು.

"ಡಿಗ್ರಿ ಬಂತಲ್ಲೋ ಹುಚ್ಚಾ!" ಎಂದರು ಕೊನೆಗೆ. "ಸುತ್ತೂದು ಮಾತ್ರ ಇನ್ನೂ ಬರವಲ್ದು."