ಎರಡನೇ ಭಾಗ ಬರುವವರೆಗೆ

ಮುಳಬಾಗಿಲಿನ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಪಾಠ ಹೇಳುತ್ತಿದ್ದಾಗ ನನಗಿದ್ದ ಸ್ನೇಹಿತ ಒಬ್ಬನೇ. ಅದೇ ಕೇಂದ್ರದಲ್ಲಿ ಟೈಪಿಂಗ್ ಕಲಿಸುತ್ತಿದ್ದವನು. ಜನರೊಂದಿಗೆ ಬೆರೆಯುವುದು ನನಗೆ ಎಂದೂ ಬರಲಿಲ್ಲ. ಯಾರಾದರೂ ಎರಡು ಮಾತು ಹೆಚ್ಚು ಆಡಿದರೆ ಸಾಕು, ಯಾಕೆ ತಲೆ ತಿನ್ನುತ್ತಾರೋ ಅನ್ನಿಸುತ್ತಿತ್ತು. ಅವನು ಮಾತ್ರ ನನ್ನ ಸಿಡುಕನ್ನು ಕಿವಿಗೆ ಹಾಕಿಕೊಳ್ಳದೆ ಪಕ್ಕದ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದ.

ಮಧ್ಯಾಹ್ನ ಒಂದರಿಂದ ಮೂರರವರೆಗೆ ಬ್ಯಾಚ್ ಇರುತ್ತಿರಲಿಲ್ಲ. ಊಟದ ಡಬ್ಬಿ ತೊಳೆದಿಟ್ಟು, ಮೂಲೆಯ ಕಂಪ್ಯೂಟರಿನಲ್ಲಿ ಒಂದು ಆಟ ಹಾಕುತ್ತಿದ್ದೆವು. ಆರು ಜನ ಸೈನಿಕರನ್ನು ಶತ್ರುಗಳ ಪಾಳೆಯಕ್ಕೆ ಕದ್ದು ನುಗ್ಗಿಸಿ, ಕೆಲಸ ಮುಗಿಸಿ, ಹೊರಗೆ ತರುವ ಆಟ. ಒಬ್ಬನಿಗೆ ಈಜು ಬರುತ್ತದೆ, ಒಬ್ಬನಿಗೆ ಬಾಂಬು ಇಡುವುದು ಗೊತ್ತು, ಇನ್ನೊಬ್ಬ ವೇಷ ಹಾಕುತ್ತಾನೆ. ಒಬ್ಬ ಸತ್ತರೂ ಆಟ ಮುಗಿಯಿತು, ಮತ್ತೆ ಮೊದಲಿಂದ.

ಮೌಸ್ ನನ್ನದು, ಎಣಿಕೆ ಅವನದು. ಕಾವಲುಗಾರ ಗೋಡೆಯ ತುದಿಯವರೆಗೆ ನಡೆದು, ನಿಂತು, ವಾಪಸ್ ಬರುತ್ತಾನಲ್ಲ, ಅವನು ಬೆನ್ನು ತಿರುಗಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನನ್ನ ಸ್ನೇಹಿತ ಎಣಿಸಿ ಹೇಳಬೇಕು. ಅವನದು ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿ, ಮನೆಯಲ್ಲಿ ತೆಲುಗು. ನನ್ನೊಂದಿಗೆ ಕನ್ನಡವೇ ಆಡಿದರೂ ಎಣಿಸುವುದು ಮಾತ್ರ ತೆಲುಗಿನಲ್ಲಿ. "ಒಕಟಿ, ರೆಂಡು, ಮೂಡು..." ಎಂದು ಉಸಿರು ಬಿಗಿಹಿಡಿದು ಹೇಳುತ್ತಾ ಹೋಗಿ, "ಏಡು" ಎಂದ ತಕ್ಷಣ ನಾನು ಬೆರಳು ಒತ್ತುತ್ತಿದ್ದೆ. ಒಂದು ಸಲ ಕನ್ನಡದಲ್ಲಿ "ಏಳು" ಎಂದು ಎಣಿಸಿ ನೋಡಿದ. ಸರಿಬರಲಿಲ್ಲ, ನಮ್ಮವನು ಸತ್ತ.

ಕೋಲಾರದಲ್ಲಿ ಯಾರೋ ಕಾಪಿ ಮಾಡಿಕೊಟ್ಟ ಸಿ.ಡಿ. ಅದು. ಜೊತೆಗೆ ಪುಸ್ತಕ ಇರಲಿಲ್ಲ. ಆಟದ ನಡುವೆ ಸೇವ್ ಮಾಡಬಹುದು ಎಂಬುದೇ ನಮಗೆ ತಿಳಿಯಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಮಕ್ಕಳಿಗೆ "ಮೊದಲು ಸೇವ್ ಮಾಡ್ರಪ್ಪಾ" ಎಂದು ಗಂಟಲು ಹರಿದುಕೊಳ್ಳುತ್ತಿದ್ದ ಮಹಾ ಪಂಡಿತರು ನಾವು! ಒಂದೂವರೆ ಗಂಟೆ ಆಡಿ, ಇನ್ನೇನು ದೋಣಿ ಹತ್ತಬೇಕು ಅನ್ನುವಾಗ ಕರೆಂಟ್ ಹೋಗುತ್ತಿತ್ತು. ನಾನು ಮೇಜಿಗೆ ಗುದ್ದುತ್ತಿದ್ದೆ. ಅವನು "ನಾಳೆ ನೋಡ್ಕೊಳಾಣ ಬಿಡೋ" ಎಂದು ಎದ್ದು ನೀರು ಕುಡಿಯಲು ಹೋಗುತ್ತಿದ್ದ. ಹೀಗೇ ಒಂದೂವರೆ ವರ್ಷ ಆಡಿ ಮುಗಿಸಿದೆವು.

ಮುಗಿಸಿದ ತಿಂಗಳೇ ಕಂಪ್ಯೂಟರ್ ಪತ್ರಿಕೆಯೊಂದರಲ್ಲಿ ಎರಡನೇ ಭಾಗದ ಚಿತ್ರಗಳು ಬಂದವು. ಮೊದಲನೆಯದಕ್ಕಿಂತ ಕಷ್ಟವಂತೆ, ಮನೆಗಳ ಒಳಗೂ ಹೋಗಬಹುದಂತೆ. ಹಿಂದಿನ ಹಾಗೇ ಎಲ್ಲಿ ಬೇಕಾದರೂ ಸೇವ್ ಮಾಡಬಹುದು ಎಂದೂ ಬರೆದಿತ್ತು. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಎಂಥಾ ದಡ್ಡರು ಕಣೋ ನಾವು! ಆದ್ರೂ ಎರಡನೇದನ್ನೂ ಹಿಂಗೇ ಆಡಾಣ. ಸೇವ್ ಬೇಡ. ಇಬ್ರೂ ಕೂತ್ರೇನೇ ಶುರು ಮಾಡೋದು. ಏನ್ಲಾ, ಮಾತು ಕೊಡ್ತೀಯಾ?"

ಕೊಟ್ಟೆ.

ಆಟ ಬರುವುದು ಮುಂದೆ ಮುಂದೆ ಹೋಯಿತು. ಅಷ್ಟರಲ್ಲಿ ಅವನಿಗೆ ಮದುವೆಯಾಯಿತು, ಮಾಲೂರಿನ ಹೆಂಚಿನ ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಕೆಲಸ ಸಿಕ್ಕಿತು, ಹೋದ. ಅವನ ಕುರ್ಚಿಯ ಮೇಲೆ ವಿದ್ಯಾರ್ಥಿಗಳು ಬ್ಯಾಗ್ ಇಡತೊಡಗಿದರು. ಮಧ್ಯಾಹ್ನದ ಆ ಎರಡು ಗಂಟೆ ನನಗೆ ಯಮಯಾತನೆ. ದಿನಕ್ಕೆ ಹತ್ತು ಮಾತು ಆಡುವಷ್ಟೂ ಜನ ನನಗಿಲ್ಲ ಎಂಬುದು ಆಗ ಅರಿವಾಯಿತು. ಪ್ರತಿ ತಿಂಗಳು ಕೋಲಾರಕ್ಕೆ ಹೋಗಿ ಪತ್ರಿಕೆ ತಿರುವಿ ಹಾಕುತ್ತಿದ್ದೆ. ಆಟ ಬಂದರೆ ಅವನು ಬರುತ್ತಾನೆ ಎಂಬ ಆಸೆಯೊಂದೇ ನನಗಿದ್ದದ್ದು.

ಕೊನೆಗೂ ಸಿ.ಡಿ. ಕೈಗೆ ಬಂತು. ಫ್ಯಾಕ್ಟರಿಗೆ ಫೋನ್ ಮಾಡಿದೆ.

"ಈ ಭಾನ್ವಾರ ಬಾಮೈದನ ಮದ್ವೆ ಕಣೋ. ಮುಂದಿನ್ ವಾರ ಬರ್ತೀನಿ" ಎಂದ.

ಮುಂದಿನ ವಾರ ಹೆಂಡತಿಗೆ ಜ್ವರ. ಅದರ ಮುಂದಿನ ವಾರ ಫ್ಯಾಕ್ಟರಿಯಲ್ಲಿ ಏನೋ ಲೋಡು. ನನಗೆ ರೇಗಿಹೋಯಿತು. ಸಂಸಾರವಂದಿಗನಿಗೆ ನಾನೆಲ್ಲಿ ನೆನಪು ಎಂದು ಬೈದುಕೊಂಡು ಸೋಮವಾರ ಮಧ್ಯಾಹ್ನ ಒಬ್ಬನೇ ಆಟ ಹಾಕಿದೆ. ಎಣಿಸುವವರಿಲ್ಲದ ಕಾರಣ ನಾಲ್ಕು ಹೆಜ್ಜೆಗೊಮ್ಮೆ ಸೇವ್ ಮಾಡುತ್ತಾ ಹೋದೆ. ಶನಿವಾರದ ಹೊತ್ತಿಗೆ ನಾಲ್ಕು ಹಂತ ಮುಗಿದಿದ್ದವು. ಅವತ್ತೇ ಸಂಜೆ ಅವನ ಫೋನ್ ಬಂತು. "ನಾಳೆ ಬರ್ತಿದೀನಿ ಕಣೋ!"

ಸೇವ್ ಮಾಡಿದ್ದನ್ನೆಲ್ಲ ಅಳಿಸಿದೆ.

ಭಾನುವಾರ ಹೆಂಡತಿ ಕಟ್ಟಿಕೊಟ್ಟ ನಿಪ್ಪಟ್ಟು ಹಿಡಿದು ಬಂದ. ಕುರ್ಚಿ ಎಳೆದುಕೊಂಡ. ಮೊದಲ ಹಂತ, ಮೊದಲ ಕಾವಲುಗಾರ. "ಒಕಟಿ, ರೆಂಡು, ಮೂಡು, ನಾಲುಗು..." ಅಷ್ಟರಲ್ಲೇ ನನ್ನ ಬೆರಳು ಒತ್ತಿತ್ತು. ಕಾವಲುಗಾರ ಸರಿಯಾಗಿ ಆಗಲೇ ಬೆನ್ನು ತಿರುಗಿಸಿದ. ನಮ್ಮವನು ಗೋಡೆ ದಾಟಿದ. ಆ ಗೋಡೆಯ ಆಚೆ ಇನ್ನೊಬ್ಬ ಕಾವಲುಗಾರ ಮರೆಯಲ್ಲಿದ್ದ, ಪರದೆಯ ಮೇಲೆ ಇನ್ನೂ ಕಾಣುತ್ತಿರಲಿಲ್ಲ. ಗೊತ್ತಿದ್ದವನ ಹಾಗೆ ನಮ್ಮವನನ್ನು ಮೊದಲೇ ಮಲಗಿಸಿದೆ. ಅವನು ಎಣಿಸುವುದನ್ನು ನಿಲ್ಲಿಸಿದ.

"ಆಡ್ಬಿಟ್ಟಿದೀಯ."

"ಇಲ್ಲ ಕಣೋ, ಅಂದಾಜಿನ ಮೇಲೆ..." ಹಸಿ ಸುಳ್ಳು.

ಬೈದಿದ್ದರೆ ನಾನೂ ಬೈಯಬಹುದಿತ್ತು. ಮೂರು ವಾರದ ಸಿಟ್ಟು ಸಿದ್ಧವಾಗಿಯೇ ಇತ್ತು. ಅವನು ಬೈಯಲಿಲ್ಲ. ಒಂದು ನಿಪ್ಪಟ್ಟು ಮುರಿದು ಅರ್ಧ ನನ್ನ ಕಡೆ ಚಾಚಿದ.

"ನಮ್ ಆಫೀಸಲ್ಲಿ ಊಟದ ಹೊತ್ತಲ್ಲಿ ಎಲ್ರೂ ಇದನ್ನೇ ಆಡ್ತಾರೆ. ಬಾ ಬಾ ಅಂತ ಕರೀತಾರೆ. ಎಲ್ಲಿ ಕಣ್ಣಿಗೆ ಬಿದ್ಬಿಡ್ತದೋ ಅಂತ ನಾನು ಡಬ್ಬಿ ತಗೊಂಡು ಆಚೆ ಬಿಸಿಲಲ್ಲಿ ಕೂತ್ಕೊಂಡು ತಿಂತೀನಿ."

ನಾಚಿಕೆಯಿಂದ ಸತ್ತುಹೋಗುವಂತಾಯಿತು. ತಪ್ಪಾಯ್ತು ಎನ್ನುವ ಬದಲು ನಿಪ್ಪಟ್ಟು ಕಚ್ಚಿದೆ. "ಆಡು, ನಾನು ನೋಡ್ತೀನಿ" ಎಂದ. ನಾಲ್ಕು ಗಂಟೆಯವರೆಗೆ ಎಣಿಸದೆ ನೋಡಿ, ಕೋಲಾರದ ಬಸ್ಸು ಹತ್ತಿದ. ಕಿಟಕಿಯಿಂದ "ಮೂರನೇದು ಬಂದ್ರೆ ಹೇಳು" ಎಂದ. ಹೇಳ್ತೀನಿ ಎಂದೆ.

ಆಮೇಲೆ ಫೋನ್ ಮಾಡಲು ಮುಖವಿರಲಿಲ್ಲ. ಅವನೂ ಮಾಡಲಿಲ್ಲ. ಕೆಲವು ವರ್ಷಗಳ ನಂತರ ಮೂರನೆಯದು ಬಂದಾಗ ಧೈರ್ಯ ತಂದುಕೊಂಡು ಆ ಫ್ಯಾಕ್ಟರಿಗೆ ಫೋನ್ ಮಾಡಿದೆ. ಫೋನ್ ಎತ್ತಿದವರು, ಅವರು ಕೆಲಸ ಬಿಟ್ಟು ವರ್ಷದ ಮೇಲಾಯ್ತು ಎಂದರು. ಈಗ ಎಲ್ಲಿದ್ದಾರೆ ಎಂದು ಕೇಳಿದೆ.

"ನೀವ್ಯಾರು ಸಾರ್, ಅವರಿಗೇನಾಗ್ಬೇಕು?"

ಸ್ನೇಹಿತ ಎನ್ನಲು ನಾಲಿಗೆ ಏಳಲಿಲ್ಲ. "ಏನೂ ಇಲ್ಲ ಬಿಡಿ" ಎಂದು ಫೋನ್ ಇಟ್ಟೆ.