ಹೊಗಳಿಕೆಗೊಂದು ಕಾಡಿಗೆ ಬೊಟ್ಟು

ನನ್ನ ಮಗಳು ಕಚ್ಚುತ್ತಾಳೆ. (ನಗಬೇಡಿ, ನನ್ನ ಕೈಮೇಲೂ ಗುರುತಿದೆ.) ನಾಲ್ಕೂವರೆ ವರ್ಷದ ಸುಮಾ ನರ್ಸರಿಗೆ ಸೇರಿದ ತಿಂಗಳಲ್ಲೇ ಮೂವರು ಮಕ್ಕಳನ್ನು ಕಚ್ಚಿದಳು.

ಹೆಡ್‌ಮಿಸ್ಟ್ರೆಸ್ ಕರೆಸಿದರು. "ಇನ್ನೊಂದ್ಸಲ ಕಚ್ಚಿದ್ರೆ ಸ್ಕೂಲಿಂದ ಬಿಡಿಸ್ಬೇಕಾಗುತ್ತೆ. ಅದಕ್ಕೆ ಮುಂಚೆ, ನೀವು ಶನಿವಾರ ಶನಿವಾರ ಕ್ಲಾಸಿಗೆ ಬನ್ನಿ" ಎಂದರು. ಕ್ಲಾಸು ಸುಮಾಗಲ್ಲ, ನನಗೆ!

ಹೋದ ವರ್ಷವಷ್ಟೇ ನಮ್ಮ ಹಳ್ಳಿ ಅಮೃತೂರು ಬಿಟ್ಟು ಪಟ್ಟಣದ ಶಿರಾ ಗೇಟ್ ಹತ್ತಿರದ ವಠಾರಕ್ಕೆ ಬಂದವರು ನಾವು. ಕ್ಲಾಸಿನಲ್ಲಿದ್ದ ಅಪ್ಪ ಅಮ್ಮಂದಿರೂ ಹಾಗೇ. ಒಬ್ಬರು ಸೇಲಂ ಬಿಟ್ಟು ಬಂದವರು, ಇನ್ನೊಬ್ಬರು ಹಿಂದೂಪುರ. "ಊರಲ್ಲಿ ಮಗೂನ ಮಾತಾಡ್ಸೋಕೆ ಹತ್ತು ಜನ ಇದ್ರು. ಇಲ್ಲಿ ಕಚ್ಚಿದ್ರೆ ಮಾತ್ರ ತಿರುಗಿ ನೋಡ್ತೀರಿ" ಎಂದರು ಹೆಡ್‌ಮಿಸ್ಟ್ರೆಸ್. ಹೋಮ್‌ವರ್ಕೂ ಕೊಟ್ಟರು: ಮಗು ಒಳ್ಳೆಯದು ಮಾಡಿದ ತಕ್ಷಣ ಬಾಯ್ತುಂಬ ಹೊಗಳಬೇಕು.

ಸುಲಭ ಅಂದುಕೊಂಡಿರಾ? ನಮ್ಮಲ್ಲಿ ಮಗುವನ್ನು ಎದುರಿಗೇ ಹೊಗಳುವುದುಂಟೇ?

ಅಂದು ಸಂಜೆ ಸುಮಾ ತನ್ನ ಚೆಂಡನ್ನು ಪಕ್ಕದ ಮನೆ ಮಗುವಿಗೆ ಕೊಟ್ಟಳು. "ಜಾಣೆ ಕಣೇ ನೀನು!" ಎಂದೆ. ಅತ್ತೆ ಒಳಗಿನಿಂದ ಓಡಿ ಬಂದರು. "ಸುಮ್ಕಿರವ್ವ! ಹೆತ್ತೋರ ಕಣ್ಣೇ ಮೊದ್ಲು ತಾಕೋದು." ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ವಠಾರವೆಲ್ಲ ಘಾಟು. ಸುಮಾ ಕೆಮ್ಮಿ ಕೆಮ್ಮಿ ಅತ್ತಳು.

ಮಾರನೆಯ ದಿನವೂ ಇದೇ ಕಥೆ. ಮೂರನೆಯ ದಿನ ನಾನು ಬಾಯಿ ತೆರೆಯುವ ಮೊದಲೇ, "ನಾನು ಜಾಣೆ ಅಲ್ಲಮ್ಮ!" ಎಂದು ಕಿರುಚಿ ಆ ಮಗುವಿನಿಂದ ಚೆಂಡು ಕಿತ್ತುಕೊಂಡಳು. ಒಳ್ಳೆಯವಳಾದರೆ ಮೆಣಸಿನಕಾಯಿ ಹೊಗೆ ಎಂದು ನಾವೇ ಕಲಿಸಿಬಿಟ್ಟಿದ್ದೆವು. ಇನ್ನು ಸ್ಕೂಲು ತಪ್ಪಿದಂತೆಯೇ ಎಂದು ನಾನು ಅತ್ತೂಬಿಟ್ಟೆ.

ಅತ್ತೆಗೂ ಪಿಚ್ಚೆನಿಸಿರಬೇಕು. "ಮೆಣಸಿನ್ಕಾಯಿ ಬ್ಯಾಡ ಬುಡು. ನೀನು ಹೊಗಳು, ನಾನು ಕೆನ್ನೆಗೆ ಕಾಡಿಗೆ ಬೊಟ್ಟಿಡ್ತೀನಿ" ಎಂದರು.

ಒಂದು ಹೊಗಳಿಕೆಗೆ ಒಂದು ದೃಷ್ಟಿಬೊಟ್ಟು. ಸುಮಾಗೆ ಹಬ್ಬ! ಇನ್ನೊಂದು ಬೊಟ್ಟಿನ ಆಸೆಗೆ ಚೆಂಡು ಕೊಟ್ಟಳು, ಎಲ್ಲರ ಚಪ್ಪಲಿ ಜೋಡಿಸಿದಳು, ಬೇಡವೆಂದರೂ ಅಜ್ಜಿಯ ಕಾಲೊತ್ತಿದಳು. ಸಂಜೆಗೆ ಕನ್ನಡಿ ಮುಂದೆ ನಿಂತು ಎಣಿಕೆ. ಒಂದು ದಿನವಂತೂ ಕೆನ್ನೆಯಲ್ಲಿ ಜಾಗ ಸಾಲದೆ ಗದ್ದಕ್ಕೂ ಇಟ್ಟದ್ದಾಯಿತು.

ತಿಂಗಳಾಯಿತು, ಯಾರನ್ನೂ ಕಚ್ಚಿಲ್ಲ. ಮೊನ್ನೆ ಶನಿವಾರ ಹೆಡ್‌ಮಿಸ್ಟ್ರೆಸ್ ಎಲ್ಲರೆದುರು, "ಸುಮಾ ನಮ್ಮಲ್ಲೇ ಓದ್ತಾಳೆ. ಇವರನ್ನ ನೋಡಿ ಕಲೀರಿ" ಎಂದುಬಿಟ್ಟರು. ಹಿಗ್ಗುತ್ತಾ ಮನೆಗೆ ಬಂದು ಅತ್ತೆಗೆ ವರದಿ ಒಪ್ಪಿಸಿದೆ.

ಮದುವೆಯಾಗಿ ಏಳು ವರ್ಷ. ಅತ್ತೆ ಒಮ್ಮೆಯೂ ನನ್ನನ್ನು ಹೊಗಳಿದವರಲ್ಲ. ಎದ್ದು ಅಡುಗೆಮನೆಗೆ ಹೋದವರು ಉಪ್ಪು, ಮೆಣಸಿನಕಾಯಿ ಹಿಡಿದು ಬಂದರು. "ಕೂತ್ಕೊ ಇಲ್ಲಿ, ಮೂಡ್ಲ ದಿಕ್ಕಿಗೆ ಮಕ ಮಾಡಿ."

ಸುಮಾ ಮೂಗು ಮುಚ್ಚಿಕೊಂಡು ಹೊರಗೋಡಿದಳು. ನಾನು ಕೂತೆ. ಘಾಟಿಗೆ ಕಣ್ಣಲ್ಲಿ ನೀರು ಬಂತು (ಘಾಟಿಗೇ ಅಂತಿಟ್ಟುಕೊಳ್ಳಿ). ಮನಸ್ಸು ತುಂಬಿತ್ತು.

ನಿಮಗೆಂದು ಕೊನೆಯ ಸಲ ಮೆಣಸಿನಕಾಯಿ ಸುಟ್ಟವರು ಯಾರು?